ಸಿಗರೇಟು, ವೇಪ್ ಬಿಡುವವರಿಗೆ ಜೊತೆಯಾಗುವುದು ಹೇಗೆ: ದಾವಣಗೆರೆಯ ಒಂದು ಸಣ್ಣ ಗುಂಪಿನ ಅನುಭವದಿಂದ

ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರು ಗಂಟೆಗೆ ನಾವು ಐದಾರು ಮಂದಿ ಸೇರತೊಡಗಿ ನಾಲ್ಕು ವರ್ಷಗಳಾದವು. ನೋಡುವವರಿಗೆ ನಾವೂ ವಾಕಿಂಗ್ ಬಂದವರಂತೆಯೇ ಕಾಣುತ್ತೇವೆ. ಆದರೆ ನಮ್ಮಲ್ಲಿ ಪ್ರತಿಯೊಬ್ಬರೂ ಸಿಗರೇಟನ್ನೋ ಬೀಡಿಯನ್ನೋ ವೇಪನ್ನೋ (ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಸಿಗರೇಟು) ಬಿಟ್ಟವರು, ಇಲ್ಲವೇ ಬಿಡುತ್ತಿರುವವರು. ಇಂಥ ಗುಂಪೊಂದನ್ನು ನಿಮ್ಮ ಬೀದಿಯಲ್ಲಿ, ಕಚೇರಿಯಲ್ಲಿ ಅಥವಾ ಹಾಸ್ಟೆಲಿನಲ್ಲಿ ಕಟ್ಟಿಕೊಳ್ಳುವುದು ಹೇಗೆ, ಬಿಡಲು ಹೊರಟ ಗೆಳೆಯನಿಗೆ ಜೊತೆಗಾರನಾಗಿ ನಿಲ್ಲುವುದು ಹೇಗೆ ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಅದರಿಂದ ಬಂದದ್ದು. ಮೊದಲ ಸಲ ಬಿಟ್ಟಾಗ ನನಗೊಬ್ಬ ಒಳ್ಳೆಯ ಜೊತೆಗಾರನಿದ್ದ. ಪ್ರತಿ ರಾತ್ರಿ ಫೋನ್ ಮಾಡಿ ಇವತ್ತು ಎಷ್ಟನೆಯ ದಿನ ಎಂದು ಕೇಳುತ್ತಿದ್ದ, ಹೇಳಿದ ಸಂಖ್ಯೆಗೆ ಸಂತೋಷಪಡುತ್ತಿದ್ದ, ಕಂಡವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದ. ಹತ್ತೊಂಬತ್ತನೆಯ ದಿನ ಹರಿಹರದಲ್ಲಿ ಸಂಬಂಧಿಕರ ಮದುವೆಯ ಹಿಂದಿನ ರಾತ್ರಿ, ಕಲ್ಯಾಣಮಂಟಪದ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಜಾಗದ ಪಕ್ಕ ನಿಂತು ಒಂದು ಸಿಗರೇಟು ಸೇದಿದೆ. ಆ ರಾತ್ರಿಯ ಫೋನಿಗೆ ‘ಹತ್ತೊಂಬತ್ತು’ ಎಂದೇ ಉತ್ತರಿಸಿದೆ. ಮರುದಿನ ಎರಡು ಸೇದಿ ‘ಇಪ್ಪತ್ತು’ ಎಂದೆ. ಎಣಿಕೆ ಅರವತ್ತರವರೆಗೆ ಹೀಗೆಯೇ ನಡೆಯಿತು. ಅಷ್ಟು ಹೊತ್ತಿಗೆ ನಾನು ದಿನಕ್ಕೊಂದು ಪ್ಯಾಕಿಗೆ ಮರಳಿದ್ದೆ. ಮದುವೆಮನೆಯ ಆ ಒಂದು ಸಿಗರೇಟನ್ನು ಅಂದೇ ಹೇಳಿಬಿಟ್ಟಿದ್ದರೆ ಅದು ಅಲ್ಲಿಗೇ ನಿಲ್ಲಬಹುದಿತ್ತು. ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಹೊಗಳಿಕೆಯ ಮೇಲೆ ನಿಂತ ನಮ್ಮ ಏರ್ಪಾಡಿನಲ್ಲಿ ಸೋತದ್ದನ್ನು ಹೇಳಿಕೊಳ್ಳಲು ಜಾಗವೇ ಇರಲಿಲ್ಲ.

ಆದ್ದರಿಂದ ಗುಂಪು ಕಟ್ಟುವವರು ಪ್ರತಿಯೊಂದು ನಿರ್ಧಾರಕ್ಕೂ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿನ್ನೆ ರಾತ್ರಿ ಸೇದಿದವನು ಇಂದು ಬೆಳಿಗ್ಗೆ ಇಲ್ಲಿಗೆ ಬರಬಲ್ಲನೇ? ಯಾರನ್ನು ಸೇರಿಸಬೇಕು, ಎಲ್ಲಿ ಕೂರಬೇಕು, ಫೋನಿನಲ್ಲಿ ಏನನ್ನಬೇಕು ಎಂಬುದನ್ನೆಲ್ಲ ಈ ಪ್ರಶ್ನೆಯೇ ತೀರ್ಮಾನಿಸಿಕೊಡುತ್ತದೆ.

ಯಾರು, ಎಲ್ಲಿ, ಯಾವಾಗ

ಜನ ಸಿಗುವುದು ಕಷ್ಟವಲ್ಲ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಮತ್ತು ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆಯಲ್ಲಿದ್ದರು. ನಿಮ್ಮ ಕಚೇರಿಯಲ್ಲಿ ಸೇದುವವರು ಹತ್ತು ಮಂದಿಯಿದ್ದರೆ ಅವರಲ್ಲಿ ನಾಲ್ಕೈದು ಮಂದಿಯಾದರೂ ಯಾರಾದರೂ ಕರೆಯಲಿ ಎಂದು ಕಾದಿರುತ್ತಾರೆಂದು ತಿಳಿಯಿರಿ.

ಗುಂಪು ಮೂರರಿಂದ ಆರು ಮಂದಿಯದಾಗಿರಲಿ. ಹೆಚ್ಚಾದರೆ ಮಾತು ಭಾಷಣವಾಗುತ್ತದೆ. ಅವರಲ್ಲಿ ಒಬ್ಬರಾದರೂ ಬಿಟ್ಟು ಆರು ತಿಂಗಳು ದಾಟಿದವರಿರಬೇಕು, ಇನ್ನೊಬ್ಬರು ಬಿಟ್ಟು ಒಂದೆರಡು ತಿಂಗಳಷ್ಟೇ ಆದವರಿದ್ದರೆ ಇನ್ನೂ ಒಳ್ಳೆಯದು. ಬಹಳ ಹಿಂದೆ ಬಿಟ್ಟವರಿಗೆ ಮೊದಲ ವಾರದ ನೋವು ಮರೆತುಹೋಗಿರುತ್ತದೆ, ಅವರ ಮಾತಿನಲ್ಲಿ ಅರಿವಿಲ್ಲದೆಯೇ ಉಪದೇಶ ನುಸುಳುತ್ತದೆ. ಮೇಲಧಿಕಾರಿ ಮತ್ತು ಅವರ ಕೈಕೆಳಗಿನ ನೌಕರ, ಅಪ್ಪ ಮತ್ತು ಮಗ, ಸಾಲ ಕೊಟ್ಟವನು ಮತ್ತು ಪಡೆದವನು ಒಂದೇ ಗುಂಪಿನಲ್ಲಿರಬಾರದು. ಇಂಥ ಸಂಬಂಧಗಳ ನಡುವೆ ನಿಜ ಹೇಳುವುದು ಯಾರಿಗೂ ಸುಲಭವಲ್ಲ. ಸೇದುವ ಹೆಣ್ಣುಮಕ್ಕಳು ನಮ್ಮ ಊರಿನಲ್ಲಿ ಕೆರೆ ಏರಿಯ ಮೇಲೆ ಬಂದು ಹೇಳಿಕೊಳ್ಳುವ ಸ್ಥಿತಿ ಇನ್ನೂ ಇಲ್ಲವಾದ್ದರಿಂದ, ಬಿಟ್ಟಿರುವ ಇನ್ನೊಬ್ಬ ಹೆಣ್ಣುಮಗಳೊಂದಿಗೆ ಅವರಿಗೆ ಫೋನಿನಲ್ಲೇ ಜೊತೆ ಮಾಡಿಕೊಡುವುದು ಉತ್ತಮ. ಹದಿನೆಂಟು ತುಂಬದ ಹುಡುಗರನ್ನು ದೊಡ್ಡವರ ಗುಂಪಿಗೆ ಸೇರಿಸಿಕೊಳ್ಳದೆ, ಅವರು ನಂಬುವ ಶಿಕ್ಷಕರ ಅಥವಾ ಆಪ್ತಸಮಾಲೋಚಕರ ಬಳಿಗೆ ಕರೆದೊಯ್ಯಬೇಕು.

ಸ್ಥಳದ ವಿಷಯದಲ್ಲಿ ಒಂದು ಎಚ್ಚರಿಕೆ. ದಾವಣಗೆರೆಯಲ್ಲಿ ಯಾರೇ ಯಾರನ್ನೇ ಭೇಟಿಯಾಗುವುದು ಚಹಾ ಅಂಗಡಿಯ ಮುಂದೆ, ಚಹಾ ಅಂಗಡಿಗೆ ತಾಗಿಕೊಂಡೇ ಬೀಡಾ ಅಂಗಡಿ. ಅಲ್ಲಿ ಸೇರುವ ಗುಂಪು ವಾರದೊಳಗೆ ಮುರಿಯುತ್ತದೆ. ಕೆರೆಯ ಏರಿ, ಗಾಜಿನ ಮನೆಯ ಆವರಣ, ಹೈಸ್ಕೂಲ್ ಮೈದಾನ ಹೀಗೆ ಬಯಲಿನ ಜಾಗ ನೋಡಿಕೊಳ್ಳಿ. ಚಿತ್ರದುರ್ಗದವರಿಗೆ ಕೋಟೆಯ ಮುಂಭಾಗ, ಚಂದ್ರವಳ್ಳಿಯ ದಾರಿ ಇದ್ದೇ ಇವೆ. ಸೇರುವ ಹೊತ್ತನ್ನು ಗುಂಪಿನ ಹೆಚ್ಚಿನವರು ದಿನದ ಮೊದಲ ಸಿಗರೇಟು ಹಚ್ಚುತ್ತಿದ್ದ ಹೊತ್ತಿಗೇ ಇಟ್ಟುಕೊಳ್ಳಬೇಕು. ನಮಗೆ ಅದು ಬೆಳಿಗ್ಗೆ ಆರು. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗುವ ಆ ಗಳಿಗೆಯಲ್ಲಿ ಪಕ್ಕದಲ್ಲೊಬ್ಬ ಮನುಷ್ಯ ನಡೆಯುತ್ತಿದ್ದರೆ ದಿನದ ಅತಿ ಕಷ್ಟದ ಘಟ್ಟ ದಾಟಿದಂತೆ.

ಮೊದಲ ಭೇಟಿ

ಹೊಸಬರು ಬಂದ ದಿನ ಮೂರು ಸಂಗತಿಗಳನ್ನು ಕೇಳಿ ಬರೆದಿಟ್ಟುಕೊಳ್ಳುತ್ತೇವೆ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತಾರೆ, ದಿನದಲ್ಲಿ ಯಾವುದನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ, ಹಿಂದೆ ಅತಿ ಹೆಚ್ಚು ದಿನ ಬಿಟ್ಟಿದ್ದಾಗ ಯಾವ ಸಂದರ್ಭದಲ್ಲಿ ಮರಳಿ ಹಿಡಿದರು ಎಂಬುವೇ ಆ ಮೂರು. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರ ದೇಹ ತಂಬಾಕಿನಲ್ಲಿರುವ ಚಟದ ವಸ್ತುವಾದ ನಿಕೋಟಿನ್‌ಗೆ ಹೆಚ್ಚು ಒಗ್ಗಿರುತ್ತದೆ. ಅವರಿಗೆ ಮನೋಬಲದ ಜೊತೆಗೆ ಔಷಧಿಯ ಸಹಾಯವೂ ಬೇಕಾಗಬಹುದು. ಹಿಂದಿನ ಪ್ರಯತ್ನ ಮುರಿದ ಸಂದರ್ಭವಂತೂ ಬಹಳ ಬೆಲೆಯುಳ್ಳ ಮಾಹಿತಿ, ಏಕೆಂದರೆ ಮುಂದಿನದು ಮುರಿಯುವುದೂ ಬಹುತೇಕ ಅದೇ ಸಂದರ್ಭದಲ್ಲಿ.

ಅಂದೇ ಬಿಡುವ ದಿನವನ್ನು ಗೊತ್ತುಮಾಡಬೇಕು, ಅದು ಎರಡು ವಾರಗಳನ್ನು ಮೀರಬಾರದು. ಮನೆಯಲ್ಲಿ ಮದುವೆ ಇರುವ ವಾರ, ನೆಂಟರಿಷ್ಟರು ತುಂಬಿರುವ ದುಗ್ಗಮ್ಮನ ಜಾತ್ರೆಯ ವಾರ ಬೇಡ. ದಿನ ಬರುವ ಮುನ್ನ ಲೈಟರು, ಬೆಂಕಿಪೊಟ್ಟಣ, ಅಂಗಿಯ ಜೇಬಿನಲ್ಲಿ ಉಳಿದ ಕಡ್ಡಿಗಳು, ಗಾಡಿಯ ಡಿಕ್ಕಿಯಲ್ಲಿ ‘ಇರಲಿ’ ಎಂದು ಬಚ್ಚಿಟ್ಟ ಒಂದು ಪ್ಯಾಕು ಎಲ್ಲವೂ ಹೋಗಬೇಕು. ಇದಕ್ಕಿಂತ ಮುಖ್ಯವಾದದ್ದು ಬೀಡಾ ಅಂಗಡಿಯ ಉದ್ರಿ ಲೆಕ್ಕ. ಬಿಡಿ ಸಿಗರೇಟಿನ ಮಾರಾಟಕ್ಕೆ ರಾಜ್ಯದಲ್ಲಿ ನಿಷೇಧವಿದ್ದರೂ ಉದ್ರಿಯಲ್ಲಿ ಒಂದೊಂದೇ ಪಡೆಯುವ ರೂಢಿ ಇನ್ನೂ ಹೋಗಿಲ್ಲ. ನಮ್ಮ ಗುಂಪಿಗೆ ಬಂದ ಆಟೋ ಚಾಲಕರೊಬ್ಬರ ಜೊತೆ ನಾನೇ ಆ ಅಂಗಡಿಗೆ ಹೋಗಿದ್ದೆ. ಅವರು ಬಾಕಿ ಇದ್ದ ಮುನ್ನೂರ ನಲವತ್ತು ರೂಪಾಯಿ ಎಣಿಸಿ ಕೊಟ್ಟು, “ಅಣ್ಣಾ, ಸೋಮವಾರದಿಂದ ನಾನು ಕೇಳಿದ್ರೂ ಕೊಡಬ್ಯಾಡ್ರಿ” ಎಂದರು. ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪುಸ್ತಕದಲ್ಲಿ ಅವರ ಹೆಸರಿನ ಪುಟವನ್ನು ಅಡ್ಡಗೆರೆ ಎಳೆದು ಮುಚ್ಚಿದರು. ಆ ಗೆರೆ ನೆನಪಾದಾಗಲೆಲ್ಲ ಕೈ ತಡೆಯುತ್ತಿತ್ತೆಂದು ಚಾಲಕರು ಆಮೇಲೆ ಹೇಳಿದರು.

ಮೊದಲ ಮೂರು ದಿನ, ಮತ್ತು ಫೋನಿನ ಐದು ನಿಮಿಷ

ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹೀಗಾಗಿ ಬಿಟ್ಟ ಮೊದಲ ದಿನವೇ ದೇಹ ಅದನ್ನು ಕೇಳತೊಡಗುತ್ತದೆ, ಎರಡನೆಯ ಮೂರನೆಯ ದಿನ ಸಂಕಟ ತುತ್ತತುದಿಗೆ ಏರುತ್ತದೆ, ಅನಂತರ ಎರಡರಿಂದ ನಾಲ್ಕು ವಾರಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಸಿಟ್ಟು, ಚಡಪಡಿಕೆ, ನಿದ್ದೆಗೇಡು, ಹೆಚ್ಚಾದ ಹಸಿವು, ಮಲಬದ್ಧತೆ, ಕೆಲವರಿಗೆ ಕೆಮ್ಮು ಇವೆಲ್ಲ ಬಿಡುತ್ತಿರುವುದರ ಲಕ್ಷಣಗಳು ಎಂಬುದನ್ನು ಮನೆಯವರಿಗೂ ಮೊದಲೇ ತಿಳಿಸಿಡಬೇಕು. ಇಲ್ಲದಿದ್ದರೆ “ಇದಕ್ಕಿಂತ ನೀವು ಸೇದ್ತಿದ್ದಾಗಲೇ ಚೆನ್ನಾಗಿತ್ತು” ಎಂಬ ಮಾತು ಮನೆಯೊಳಗಿಂದಲೇ ಬಂದು ಎಲ್ಲ ಶ್ರಮವನ್ನೂ ಕೆಡಿಸಿಬಿಡುತ್ತದೆ.

ಆದರೆ ಸೆಳೆತ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ನಮ್ಮ ಕಡೆ ತಲಬು ಎನ್ನುವ ಅದು ಅಲೆಯಂತೆ ಏರಿ, ಕೆಲವೇ ನಿಮಿಷ ನಿಂತು, ಸೇದಿದರೂ ಸೇದದಿದ್ದರೂ ಇಳಿದುಹೋಗುತ್ತದೆ. ಜೊತೆಗಾರನ ಕೆಲಸವೆಲ್ಲ ಈ ಕೆಲವು ನಿಮಿಷಗಳದ್ದು. ಅದಕ್ಕಾಗಿ ಮೊದಲ ವಾರ ನಾವು ಪಾಳಿ ಹಾಕಿಕೊಳ್ಳುತ್ತೇವೆ: ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬರು, ಸಂಜೆಯವರೆಗೆ ಇನ್ನೊಬ್ಬರು, ಮಲಗುವವರೆಗೆ ಮತ್ತೊಬ್ಬರು ಆ ಹೊಸಬರ ಫೋನನ್ನು ಏನೇ ಕೆಲಸವಿದ್ದರೂ ಎತ್ತಲೇಬೇಕು.

ಎತ್ತಿದ ಮೇಲೆ ಏನನ್ನಬೇಕು? ‘ಸೇದಬೇಡ’ ಎನ್ನಬಾರದು, ಏಕೆಂದರೆ ಅವರು ಫೋನ್ ಮಾಡಿದ್ದೇ ಅದು ಗೊತ್ತಿದ್ದರಿಂದ. ಕ್ಯಾನ್ಸರಿನ ಮಾತೂ ಆಗ ಬೇಡ. ಎಪಿಎಂಸಿ ಅಂಗಳದಲ್ಲಿ ಹಮಾಲಿ ಮಾಡುವವರೊಬ್ಬರು ಎರಡನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಮೆಕ್ಕೆಜೋಳದ ಲಾರಿ ಇಳಿಸಿ ನನಗೆ ಫೋನ್ ಮಾಡಿದ್ದರು. ನಾನು ಕೇಳಿದ್ದು ಇಷ್ಟೇ: “ಎಲ್ಲಿ ನಿಂತೀರಿ?” ಲಾರಿಯ ನೆರಳಿನಲ್ಲಿ, ಉಳಿದವರೆಲ್ಲ ಬೀಡಿ ಹಚ್ಚಿದ್ದಾರೆ ಎಂದರು. “ಹಂಗಾದ್ರೆ ಮಾತಾಡ್ತಾ ನಲ್ಲಿ ಕಡೆ ನಡೀರಿ.” ನಡೆದರು. ಮುಖ ತೊಳೆದುಕೊಳ್ಳಲು ಹೇಳಿ ಕಾದೆ. ನೀರಿನ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಎಷ್ಟು ಚೀಲ ಇಳಿಸಿದಿರಿ, ಕೂಲಿ ಎಷ್ಟು ಬಂತು, ಮಗಳ ಪರೀಕ್ಷೆ ಯಾವತ್ತು ಎಂದು ಒಂದೊಂದಾಗಿ ಕೇಳುತ್ತ ಹೋದೆ. ಆರೇಳು ನಿಮಿಷದ ಮೇಲೆ ಅವರೇ “ಹೋಯ್ತು ಬಿಡ್ರಿ ಸರ್” ಎಂದು ಫೋನ್ ಇಟ್ಟರು. ನಿಂತ ಜಾಗದಿಂದ ಕದಲಿಸುವುದು, ನೀರು ಕುಡಿಸುವುದು, ಉಸಿರನ್ನು ನಿಧಾನವಾಗಿ ಎಳೆದು ಬಿಡಿಸುವುದು, ಕೈಗೂ ಬಾಯಿಗೂ ಬೇರೆ ಕೆಲಸ ಕೊಡುವುದು, ಅಲೆ ಇಳಿಯುವವರೆಗೆ ದನಿ ಕೇಳಿಸುತ್ತಿರುವುದು ಎಂಬಿಷ್ಟೇ ಇದರ ವಿಧಾನ.

ಕೈಗೂ ಬಾಯಿಗೂ ಕೆಲಸ ಎಂದಾಗ ನಮ್ಮ ಊರಿನವರಿಗೆ ಹುಡುಕಾಡಬೇಕಿಲ್ಲ. ಹುರಿಗಡಲೆ ಬೆರೆಸಿದ ಮಂಡಕ್ಕಿಯ ಒಂದು ಪೊಟ್ಟಣ ಜೇಬಿನಲ್ಲಿದ್ದರೆ ನಾಲ್ಕೈದು ಕಾಳಿನಂತೆ ತಿನ್ನುತ್ತ ಹತ್ತು ನಿಮಿಷ ಕಳೆಯಬಹುದು, ಹೊಟ್ಟೆಗೂ ಭಾರವಲ್ಲ. ಆದರೆ ಸಿಗರೇಟಿನ ಜಾಗಕ್ಕೆ ಗುಟ್ಕಾ, ಜರ್ದಾ ಅಥವಾ ಬರೀ ಅಡಿಕೆ ಬರದಂತೆ ಜೊತೆಗಾರರು ಕಣ್ಣಿಟ್ಟಿರಬೇಕು. ಚನ್ನಗಿರಿ ಕಡೆಯ ಅಡಿಕೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಅನ್ನ ಕೊಡುವ ಬೆಳೆ ಎಂಬುದು ನಿಜ. ಅಡಿಕೆ ಜಗಿಯುವುದು ತಂಬಾಕಿಲ್ಲದೆಯೂ ಬಾಯಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದೂ ಅಷ್ಟೇ ನಿಜ. ಸಿಗರೇಟು ಬಿಟ್ಟು ಬೀಡಿ ಹಿಡಿಯುವುದರಿಂದಲೂ ಏನೂ ಲಾಭವಿಲ್ಲ.

ಚಹಾ ಕಾಫಿಯ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಒಂದು ವಿಷಯವಿದೆ. ತಂಬಾಕಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಒಡೆಯುವ ವೇಗವನ್ನು ಹೆಚ್ಚಿಸಿರುತ್ತವೆ. ಸೇದುವುದು ನಿಂತಾಗ ಆ ವೇಗ ತಗ್ಗಿ, ಹಿಂದೆ ಕುಡಿಯುತ್ತಿದ್ದಷ್ಟೇ ಕಾಫಿ ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಎದೆ ಬಡಿತ, ಕೈನಡುಕ, ರಾತ್ರಿ ನಿದ್ದೆ ಬಾರದಿರುವುದು ಎಷ್ಟೋ ಸಲ ಇದರಿಂದಲೇ. ದಿನಕ್ಕೆ ಆರು ಲೋಟ ಕುಡಿಯುವವರು ಮೂರಕ್ಕೆ ಇಳಿಸಲಿ. ಹೊಗೆ ಇಲ್ಲದ ವೇಪ್ ಬಳಸುತ್ತಿದ್ದವರಿಗೆ ಈ ತೊಂದರೆ ಬರುವುದಿಲ್ಲ. ಯಕೃತ್ತಿನ ಆ ವೇಗ ತಗ್ಗುವುದರಿಂದಲೇ ಕೆಲವು ಮಾನಸಿಕ ಕಾಯಿಲೆಯ ಮತ್ತು ಉಬ್ಬಸದ ಔಷಧಿಗಳ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಬಿಟ್ಟ ಮೇಲೆ ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ಮಟ್ಟವೂ ಏರುಪೇರಾಗಬಹುದು. ನಿತ್ಯ ಮಾತ್ರೆ ತೆಗೆದುಕೊಳ್ಳುವವರು ಬಿಡುವ ದಿನಕ್ಕೆ ಮುನ್ನವೇ ತಮ್ಮ ವೈದ್ಯರಿಗೆ ತಿಳಿಸಬೇಕು.

ನಿಕೋಟಿನ್ ಗಮ್

ಔಷಧಿ ಅಂಗಡಿಯಲ್ಲಿ ಸಿಗುವ ಎರಡು ಮಿಲಿಗ್ರಾಂ ನಿಕೋಟಿನ್ ಗಮ್ ಸೆಳೆತ ತಗ್ಗಿಸಲು ಉಪಯುಕ್ತ ವಸ್ತು, ಆದರೆ ಅದನ್ನು ಸರಿಯಾಗಿ ಬಳಸುವವರನ್ನು ನಾನು ಕಂಡದ್ದು ಕಡಿಮೆ. ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ‘ನನಗೆ ಆಗಿಬರಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ನಿಧಾನವಾಗಿ ಅಗಿದು, ಬಾಯಲ್ಲಿ ಮೆಣಸಿನಂಥ ಚುರುಕು ಬಂದಾಗ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದಾಗ ಮತ್ತೆ ಸ್ವಲ್ಪ ಅಗಿದು ಇನ್ನೊಂದು ಬದಿಗೆ ಇಡಬೇಕು. ಹೀಗೆ ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಬಳಸುವ ಹದಿನೈದು ನಿಮಿಷ ಮೊದಲಿನಿಂದ ಚಹಾ, ಕಾಫಿ, ಹಣ್ಣಿನ ರಸ ಏನೂ ಬೇಡ. ಹೊಸಬರಿಗೆ ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ, ಬಳಸಿ ತಿಳಿದವರೊಬ್ಬರು ಎದುರಿಗೆ ಕುಳಿತು ಒಮ್ಮೆ ಮಾಡಿಸುವುದು ಒಳ್ಳೆಯದು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಬುಪ್ರೋಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ. ಅವು ವೈದ್ಯರ ಚೀಟಿಯ ಮೇಲೆ ಮಾತ್ರ, ಗುಂಪಿನಲ್ಲಿ ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರು ನುಂಗುವಂತಿಲ್ಲ.

ವೇಪ್ ಬಿಡುವವರ ಕಷ್ಟ ಬೇರೆ

ಸಿಗರೇಟಿಗೆ ಒಂದು ಕೊನೆ ಇದೆ, ಹತ್ತು ಹನ್ನೆರಡು ದಮ್ಮಿಗೆ ಅದು ಮುಗಿಯುತ್ತದೆ, ಬೂದಿ ಬೀಳುತ್ತದೆ, ಎದ್ದು ಹೊರಗೆ ಹೋಗಲೇಬೇಕಾಗುತ್ತದೆ. ವೇಪ್‌ಗೆ ಇದಾವುದೂ ಇಲ್ಲ. ಆದ್ದರಿಂದ ‘ದಿನಕ್ಕೆ ಎಷ್ಟು’ ಎಂಬ ಪ್ರಶ್ನೆಗೆ ವೇಪ್ ಎಳೆಯುವ ಹುಡುಗನ ಬಳಿ ಉತ್ತರವಿರುವುದಿಲ್ಲ; ‘ಎಷ್ಟು ಹೊತ್ತು ಎಳೆಯದೆ ಇರಬಲ್ಲೆ’ ಎಂದೇ ಕೇಳಬೇಕು. ಇಲ್ಲಿನ ಕಾಲೇಜೊಂದರ ವಿದ್ಯಾರ್ಥಿ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ನಡುರಾತ್ರಿ ಎಚ್ಚರವಾದಾಗಲೂ ಎಳೆಯುತ್ತಿದ್ದ. ನಾವು ಅವನಿಗೆ ಮೊದಲು ಹೇಳಿದ್ದು, ರಾತ್ರಿ ಅದನ್ನು ಕೆಳಗೆ ನಿಲ್ಲಿಸಿದ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕು ಎಂದು. ಮೂರು ಮಹಡಿ ಇಳಿದು ಹೋಗಬೇಕಾದಾಗ ನಿದ್ದೆಯೇ ಗೆದ್ದಿತು. ರಾತ್ರಿಯ ಏಳು ಗಂಟೆಗಳ ಬಿಡುವು ಗಟ್ಟಿಯಾದ ಮೇಲೆ ಬೆಳಗಿನ ತರಗತಿಗಳ ಹೊತ್ತನ್ನು ಸೇರಿಸಿದೆವು, ಮೂರು ವಾರಗಳ ಮೇಲೆ ಪೂರ್ತಿ ಬಿಡುವ ದಿನ ಗೊತ್ತುಮಾಡಿದೆವು. ಎರಡು ವಾರದ ಗಡಿಯನ್ನು ವೇಪ್‌ನವರ ವಿಷಯದಲ್ಲಿ ಸಡಿಲಿಸುವುದು ಸರಿಯೆಂದು ನನಗೆ ಅನ್ನಿಸಿದ್ದು ಆಗಲೇ.

ಕಾನೂನಿನ ಅಂಜಿಕೆಯಿಂದಲೂ ಈ ಹುಡುಗರು ಬಾಯಿ ಬಿಡುವುದಿಲ್ಲ. 2019ರ ಎಲೆಕ್ಟ್ರಾನಿಕ್ ಸಿಗರೇಟು ನಿಷೇಧ ಕಾಯ್ದೆ ಅದರ ತಯಾರಿಕೆ, ಆಮದು, ಮಾರಾಟ, ಸಾಗಣೆ, ವಿತರಣೆ, ದಾಸ್ತಾನು ಮತ್ತು ಜಾಹೀರಾತುಗಳನ್ನು ನಿಷೇಧಿಸುತ್ತದೆ. ಬಿಡಲು ಸಹಾಯ ಕೇಳುವುದು ಅಪರಾಧವಲ್ಲ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಆದರೆ ಬಿಟ್ಟವನು ತನ್ನ ವೇಪ್ ಅನ್ನು ಇನ್ನೊಬ್ಬನಿಗೆ ಮಾರಬಾರದು, ಸುಮ್ಮನೆಯೂ ಕೊಡಬಾರದು. ಅದರೊಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಕಸದ ಬುಟ್ಟಿಗೋ ಬೆಂಕಿಗೋ ಎಸೆಯದೆ ಇ-ತ್ಯಾಜ್ಯ ಪಡೆಯುವಲ್ಲಿ ಹಾಕಬೇಕು.

ಸೇದಿಬಿಟ್ಟ ದಿನ

ಗುಂಪು ನಿಲ್ಲುವುದೂ ಬೀಳುವುದೂ ಈ ದಿನದಲ್ಲಿ. ನಮ್ಮಲ್ಲಿ ಯಾರೂ ದಿನಗಳ ಸಂಖ್ಯೆಯನ್ನು ಎಲ್ಲರ ಮುಂದೆ ಹೇಳುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆ ಒಂದೇ ಸಾಲು: ‘ನಿನ್ನೆ ಸೇದಲಿಲ್ಲ’ ಅಥವಾ ‘ನಿನ್ನೆ ಸೇದಿದೆ’. ಎರಡಕ್ಕೂ ಉತ್ತರ ಒಂದೇ, ‘ಆರಕ್ಕೆ ಬನ್ನಿ’. ಕಪ್ಪಾದ ಶ್ವಾಸಕೋಶದ ಚಿತ್ರಗಳನ್ನು, ಬುದ್ಧಿಮಾತಿನ ಫಾರ್ವರ್ಡ್‌ಗಳನ್ನು ಹಾಕುವಂತಿಲ್ಲ. ಗುಂಪಿನಲ್ಲಿ ಹೇಳಿದ್ದು ಹೆಂಡತಿಯ ಕಿವಿಗೂ ಗೆಳೆಯರ ಕಿವಿಗೂ ಹೋಗಬಾರದು; ಒಮ್ಮೆ ಹೋದರೆ ಯಾರೂ ಮತ್ತೆ ನಿಜ ಹೇಳುವುದಿಲ್ಲ.

ಸೇದಿದವರು ಬಂದಾಗ ‘ಯಾಕೆ ಸೇದಿದೆ’ ಎಂದು ಕೇಳಿದರೆ ಅದು ಬೈಗುಳದಂತೆ ಕೇಳಿಸುತ್ತದೆ. ಅದರ ಬದಲು ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ, ಅದಕ್ಕೆ ಹತ್ತು ನಿಮಿಷ ಮೊದಲು ಏನಾಗಿತ್ತು ಎಂದು ಕೇಳಿ. ಒಬ್ಬರಿಗೆ ಅದು ಕುಡಿತದ ಕೂಟ, ಇನ್ನೊಬ್ಬರಿಗೆ ಅಣ್ಣನೊಂದಿಗೆ ಆಸ್ತಿಯ ಜಗಳ, ಮತ್ತೊಬ್ಬರಿಗೆ ಬರೀ ಬೇಸರದ ಭಾನುವಾರ ಮಧ್ಯಾಹ್ನ. ಕಾರಣ ತಿಳಿದರೆ ಮುಂದಿನ ಸಲಕ್ಕೆ ಏರ್ಪಾಡು ಮಾಡಬಹುದು: ಕೂಟದ ರಾತ್ರಿ ಒಬ್ಬರು ಒಂಬತ್ತು ಗಂಟೆಗೆ ತಾವಾಗಿಯೇ ಫೋನ್ ಮಾಡುವುದು, ಭಾನುವಾರ ಮಧ್ಯಾಹ್ನ ಇಬ್ಬರು ಸೇರಿ ಬಾತಿ ಕೆರೆಯವರೆಗೆ ಸೈಕಲ್ ತುಳಿಯುವುದು. ಪ್ಯಾಕಿನಲ್ಲಿ ಉಳಿದದ್ದನ್ನು ಅಲ್ಲೇ ನೀರಿಗೆ ಹಾಕಿ ಅಂದಿನಿಂದಲೇ ಮುಂದುವರಿಯಬೇಕು. ‘ಹೇಗೂ ಕೆಟ್ಟಿತು, ಸೋಮವಾರದಿಂದ ನೋಡೋಣ’ ಎನ್ನಲು ಬಿಡಬಾರದು. ಹಲವಾರು ಸಲ ಪ್ರಯತ್ನಿಸಿದ ಮೇಲೆಯೇ ಹೆಚ್ಚಿನವರು ಪೂರ್ತಿ ಬಿಡುವುದು. ನಾನು ಬಿಟ್ಟದ್ದು ನಾಲ್ಕನೆಯ ಸಲ.

ಜೊತೆಗಾರರಿಗೆ ಮೀರಿದ ಸಂಗತಿಗಳೂ ಇವೆ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿದಂತೆಯೇ ಇದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಸಿಗರೇಟಿನ ಜೊತೆಗೆ ಕುಡಿತವೂ ಕೈಮೀರಿದ್ದರೆ ಅಂದೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ತಂಬಾಕು ಬಿಡುವವರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356. ಇದು ಉಚಿತ, ಸಿಗರೇಟಿನ ಪ್ಯಾಕಿನ ಮೇಲೂ ಅಚ್ಚಾಗಿರುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಮೊದಲ ಕರೆ ಮಾಡುವಾಗ ಪಕ್ಕದಲ್ಲಿ ಕುಳಿತಿರಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ದಂತ ವೈದ್ಯಕೀಯ ಕಾಲೇಜುಗಳಲ್ಲಿ ತಂಬಾಕು ವ್ಯಸನಮುಕ್ತಿಯ ಸಲಹೆಗಾಗಿ ವಿಚಾರಿಸಬಹುದು. ಚಿತ್ರದುರ್ಗದವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಲಿ.

ಮೂರು ತಿಂಗಳು ಕಳೆದ ಮೇಲೆ ಬರುವುದನ್ನು ನಿಲ್ಲಿಸುವವರು ಇರುತ್ತಾರೆ. ಕೆಲವರು ಚೆನ್ನಾಗಿ ಬಿಟ್ಟು ಗುಂಪು ಬೇಡವಾದವರು, ಕೆಲವರು ಮರಳಿ ಹಿಡಿದು ಮುಖ ತೋರಿಸಲಾರದವರು. ಯಾರು ಯಾವ ಬಗೆಯೆಂದು ವಿಚಾರಿಸಲು ಹೋಗದೆ, ತಿಂಗಳಿಗೊಮ್ಮೆ ಎಲ್ಲರಿಗೂ ಒಂದು ಫೋನ್ ಮಾಡಿ ಊಟ ತಿಂಡಿ ಕೇಳಿ. ಗುಂಪಿನಿಂದ ಅವರ ಹೆಸರನ್ನು ತೆಗೆಯಬೇಡಿ. ಆ ಆಟೋ ಚಾಲಕರು ಐದನೆಯ ತಿಂಗಳಲ್ಲಿ ಕಾಣೆಯಾಗಿ, ಏಳು ತಿಂಗಳ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಏರಿಯ ತುದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ದೂರದಲ್ಲೇ ನಿಂತಿದ್ದರು. ನಮ್ಮಲ್ಲೊಬ್ಬರು ಹೋಗಿ, “ಬರ್ರಿ, ಚಳಿ ಐತಿ, ಎರಡು ಸುತ್ತು ಹೊಡಿಯೋಣ” ಎಂದು ಕೈಹಿಡಿದು ಕರೆತಂದರು. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಅವರೇ ಎಲ್ಲವನ್ನೂ ಹೇಳಿದ್ದರು, ಆ ವಾರದ ಗುರುವಾರವನ್ನು ಬಿಡುವ ದಿನವೆಂದು ಬರೆದುಕೊಂಡೆವು.